ಮಾವನ ವೈಫೈ ಚೆಕಿಂಗು

ನಮ್ಮ ಮಾವ ಕರಿಸಿದ್ದಯ್ಯನವರು ಯಾರನ್ನೂ ನಂಬುವುದಿಲ್ಲ. ಸೊಸೆ ಚಾಡಿ ಹೇಳುತ್ತಿದ್ದಾಳೆ ಅಂದುಕೊಳ್ಳಬೇಡಿ, ನಮ್ಮೂರು ಗುತ್ತಲಿನಲ್ಲಿ ಯಾರನ್ನು ಬೇಕಾದರೂ ಕೇಳಿ. ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವ ಚೆಕಿಂಗ್ ಇನ್‌ಸ್ಪೆಕ್ಟರ್ ಆಗಿ ಮದ್ದೂರು, ಮಳವಳ್ಳಿ ರೂಟಿನಲ್ಲೇ ಸರ್ವಿಸ್ ಸವೆಸಿದವರು. ಸೀಟಿನಲ್ಲಿ ಯಾರಾದರೂ ನಿದ್ದೆ ಹೋಗಿದ್ದರೆ ಅವನು ಟಿಕೆಟ್ ತೆಗೆದಿಲ್ಲ ಎಂದೇ ಅವರ ಲೆಕ್ಕ. ನಿವೃತ್ತಿಯಾಯಿತು, ಚೆಕಿಂಗು ಮಾತ್ರ ನಿಲ್ಲಲಿಲ್ಲ. ಹಾಲಿನವನು ನೀರು ಬೆರೆಸುತ್ತಾನೆ, ಗ್ಯಾಸಿನವನು ತೂಕದಲ್ಲಿ ಹೊಡೆಯುತ್ತಾನೆ, ಸೊಸೆ ಫೋನಿನಲ್ಲಿ ಮೆಲ್ಲಗೆ ಮಾತಾಡಿದರೆ ಈ ಮನೆಯ ಸುದ್ದಿಯೆಲ್ಲ ಬೆಸಗರಹಳ್ಳಿಯ ತವರಿಗೆ ರವಾನೆಯಾಗುತ್ತಿದೆ. ರವಾನೆಯಾಗುತ್ತಲೂ ಇತ್ತು, ಅದು ಬೇರೆ ಮಾತು.

ಇಂಥವರ ಜೊತೆ ಯಾರು ಕೂರುತ್ತಾರೆ ಹೇಳಿ? ಕೂರುತ್ತಿದ್ದವರು ಒಬ್ಬರೇ, ಪಕ್ಕದ ಮನೆಯ ನಾಗಯ್ಯ. ಸಕ್ಕರೆ ಕಾರ್ಖಾನೆಯಲ್ಲಿ ದುಡಿದು ಮನೆ ಸೇರಿದವರು, ತಣ್ಣನೆಯ ಜೀವ. ಬೆಳಗಾದರೆ ನಮ್ಮ ಜಗಲಿಗೆ ಬಂದು ಕೂತು ಮಾವನ ಅನುಮಾನಗಳನ್ನೆಲ್ಲ ಕೇಳಿಸಿಕೊಂಡು, "ಬುಡ್ಲಾ, ಓಗ್ಲಿ" ಅನ್ನುತ್ತಿದ್ದರು. ಅಷ್ಟಕ್ಕೆ ಮಾವ ನಗುತ್ತಿದ್ದರು. ಮನೆಯವರಾದ ನಮಗೆ ಯಾರಿಗೂ ಅವರನ್ನು ನಗಿಸಲು ಬರುತ್ತಿರಲಿಲ್ಲ. "ಆ ನಾಗಯ್ಯಣ್ಣ ಒಬ್ರು ಇಲ್ದಿದ್ರೆ ನಿಮ್ಮಾವ ಮಾತೇ ಮರ್ತೋಯ್ತಾರೆ ಕಣವ್ವ" ಎಂದು ಅತ್ತೆ ಮಹದೇವಮ್ಮ ನನಗೆ ಎಷ್ಟೋ ಸಲ ಹೇಳಿದ್ದರು.

ನಾನು ಹೈಸ್ಕೂಲು ಮಕ್ಕಳಿಗೆ ಆನ್‌ಲೈನಿನಲ್ಲಿ ಗಣಿತದ ಟ್ಯೂಷನ್ ಮಾಡುತ್ತೇನೆ. ಅದಕ್ಕೆಂದೇ ಮನೆಗೆ ವೈಫೈ ಹಾಕಿಸಿದೆವು. ಕೇಬಲ್ ಬಂದದ್ದು ಮಾವನ ಕೋಣೆಯ ಕಿಟಕಿಯಿಂದ, ಹಾಗಾಗಿ ವೈಫೈ ಡಬ್ಬಿ ಅವರ ಕಬ್ಬಿಣದ ಬೀರುವಿನ ಮೇಲೆ ಕೂತಿತು. ನಮ್ಮ ಮನೆಯಲ್ಲಿ ಸೊಸೆ ಮಾವನ ಕೋಣೆಗೆ ಕಾಲಿಡುವ ಪದ್ಧತಿಯಿಲ್ಲ, ಅಲ್ಲಿ ಕಸ ಗುಡಿಸುವವರೂ ಅತ್ತೆಯೇ. ಡಬ್ಬಿ ಕೂರಿಸಿದವನು ಹೋಗುವಾಗ ಮಾವನಿಗೆ, "ಪಾಸ್‌ವರ್ಡ್ ಅಡೀಲಿ ಸ್ಟಿಕ್ಕರ್ ಮೇಲದೆ ಸಾರ್" ಎಂದು ಹೇಳಿ ಹೋದ. ಹೇಳಬಾರದಿತ್ತು.

ಸ್ವಲ್ಪ ದಿನ ಎಲ್ಲ ಚೆನ್ನಾಗಿತ್ತು. ಆಮೇಲೆ ಒಂದು ಬೆಳಗ್ಗೆ ನಾಗಯ್ಯನವರು ಜಗಲಿಯಲ್ಲಿ ಕೂತು, "ಕರಿಸಿದ್ದಯ್ಯ, ನಮ್ ಪ್ರಿಯಾಂಕ ಮಳವಳ್ಳಿಯಿಂದ ಮಗೀನ ತೋರುಸ್ತಾಳೆ ಕಣ್ಲಾ, ನನ್ ಪೋನಲ್ಲಿ ನಿಂತ್ ನಿಂತ್ ಬತ್ತದೆ. ನಿಮ್ ವೈಫೈ ಒಸಿ ಕೊಟ್ಟೀಯಾ?" ಎಂದು ಕೇಳಿದರು. ಮಗಳ ಮಗು, ಅವರ ಮೊದಲ ಮೊಮ್ಮಗು. ಮಾವ, "ನೋಡಾಣ" ಅಂದರು. ನಾಗಯ್ಯ ಮತ್ತೆ ಆ ಮಾತೆತ್ತಲಿಲ್ಲ.

ಆ ವಾರದಿಂದಲೇ ನಮ್ಮ ನೆಟ್ಟಿಗೆ ರೋಗ ಬಡಿಯಿತು. ನಾನು ಸಮೀಕರಣ ಬಿಡಿಸುತ್ತಿದ್ದರೆ ಪರದೆ ಕಲ್ಲಾಗುತ್ತಿತ್ತು, ಮಕ್ಕಳು "ಮಿಸ್, ಕೇಳಿಸ್ತಿಲ್ಲ" ಎನ್ನುತ್ತಿದ್ದರು. ಅತ್ತೆಯ ಕೈಯಲ್ಲಿ ಗೋಡೆಯ ಮೇಲಿನ ಸ್ವಿಚ್ ಆರಿಸಿ ಹಾಕಿಸಿದೆ. ಫೋನಿನಿಂದಲೇ ಪಾಸ್‌ವರ್ಡ್ ಬದಲಾಯಿಸಿದೆ. ಏನೂ ಪ್ರಯೋಜನವಾಗಲಿಲ್ಲ. ಕೊನೆಗೆ ರಿಪೇರಿಯವನನ್ನು ಕರೆಸಿದರೆ, ಅವನು ಬಂದ ಹೊತ್ತಿಗೆ ನೆಟ್ಟು ಕುದುರೆಯ ಹಾಗೆ ಓಡುತ್ತಿತ್ತು! "ಎಲ್ಲ ಸರಿಯಾಗೇ ಅದಲ್ಲಕ್ಕ" ಎಂದು ನನ್ನ ಮುಖ ನೋಡಿ ಹೋದ. ಅವನು ಹೋದ ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕಥೆ. ನನಗೆ ಮೈಯೆಲ್ಲ ಉರಿಯಿತು.

ಮಾವನಿಗೆ ಉರಿಯಲಿಲ್ಲ, ಅನುಮಾನ ಬಂತು. "ಯಾವನೋ ಟಿಕೆಟ್ ಇಲ್ದೆ ಅತ್ತವ್ನೆ" ಎಂದರು. ಯಾವನು ಎಂದು ನಾವು ಕೇಳಲಿಲ್ಲ, ಅವರ ಕಣ್ಣು ಪಕ್ಕದ ಮನೆಯ ಕಡೆಗಿತ್ತು. ಅವತ್ತಿನಿಂದ ಜಗಲಿಯಲ್ಲಿ ಕೂತರೂ ನಾಗಯ್ಯನವರ ಮುಖ ನೋಡದೆ ಅವರ ಜೇಬಿನ ಫೋನನ್ನೇ ನೋಡುತ್ತಿದ್ದರು.

ನಾಗಯ್ಯನವರ ಗ್ರಹಚಾರಕ್ಕೆ ಅವರು ಒಂದು ದಿನ ಕುರಿಮರಿ ನೋಡಲೆಂದು ಬಂಡೂರಿಗೆ ಹೋದರು. ರಿಪೇರಿಯವನು ಎರಡನೇ ಸಲ ಬಂದದ್ದೂ ಅವತ್ತೇ. ಅವನು ಬಂದು ಹೋದ ಮೇಲೂ ನೆಟ್ಟು ಇಡೀ ದಿನ ಒಂದು ಸಲವೂ ನಿಲ್ಲಲಿಲ್ಲ. ಸಂಜೆ ನಾಗಯ್ಯ ವಾಪಸು ಬಂದರು, ದೀಪ ಹಚ್ಚುವ ಹೊತ್ತಿಗೆ ನೆಟ್ಟು ಮಲಗಿತು. ಮಾವನಿಗೆ ಇನ್ನೇನು ಬೇಕು?

ಮಾರನೆಯ ಬೆಳಗ್ಗೆ ಬೀದಿಯವರೆಲ್ಲ ಹಾಲಿಗೆ ನಿಂತಿದ್ದಾಗ, ಬಸ್ಸಿನಲ್ಲಿ ಕೂಗುತ್ತಿದ್ದ ಅದೇ ಗಂಟಲಿನಲ್ಲಿ ಮಾವ ಕೂಗಿದರು. "ಏನ್ಲಾ ನಾಗಯ್ಯ, ಕೇಳಿದ್ರೆ ಕೊಡಾಕಿಲ್ಲ ಅಂತ ಕದ್ದು ಆಕ್ಕಂಡಿದ್ದೀಯಾ? ನೀನ್ ಊರಲ್ಲಿ ಇಲ್ದಿದ್ರೆ ನೆಟ್ ಬತ್ತದೆ, ನೀನ್ ಬಂದ್ರೆ ಒಂಟೋಯ್ತದೆ. ತಗಿ ಪೋನ, ನೋಡಾಣ!"

ನಾಗಯ್ಯ ಹಾಲಿನ ಪಾತ್ರೆ ಹಿಡಿದುಕೊಂಡು ನಿಂತೇ ಇದ್ದರು. "ನಾನಾ?" ಅಂದರು. ಆಮೇಲೆ ಫೋನು ತೆಗೆದು ಮಾವನ ಕೈಯಲ್ಲಿಟ್ಟರು. ಮಾವ ಅದನ್ನು ತಿರುವಿ ಹಾಕಿದರು, ಏನು ನೋಡಬೇಕೆಂದು ಅವರಿಗೇ ಗೊತ್ತಿರಲಿಲ್ಲ. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಒಳಗೆ ಬಂದವಳೇ ಕಂಪನಿಯ ಆ್ಯಪ್ ತೆರೆದೆ. ನಮ್ಮ ವೈಫೈಗೆ ಸೇರಿಕೊಂಡಿದ್ದದ್ದು ನಮ್ಮವೇ ಫೋನುಗಳು, ನನ್ನ ಲ್ಯಾಪ್‌ಟಾಪು, ನಮ್ಮದೇ ಟಿವಿ. ಮಾವನಿಗೆ ತೋರಿಸಿದೆ. "ಅದ್ನೂ ಮುಚ್ಚಾಕ್ತಾರೆ ಬುಡವ್ವ" ಅಂದರು. ಅಯ್ಯೋ ಶಿವನೇ! ಫೋನು ಹಿಡಿದುಕೊಂಡು ಮನೆಯೆಲ್ಲ ಸುತ್ತಿದೆ. ಅಡುಗೆಮನೆಯಲ್ಲಿ ಸಿಗ್ನಲ್ ಇಲ್ಲ, ನಡುಮನೆಯಲ್ಲಿ ಒಂದೇ ಕಡ್ಡಿ. ಮಾವನ ಕೋಣೆಯ ಬಾಗಿಲಿಗೆ ಬಂದು ನಿಂತೆ, ಅಲ್ಲೂ ಅದೇ ಒಂದು ಕಡ್ಡಿ. ಡಬ್ಬಿಯ ಪಕ್ಕದಲ್ಲೇ ಹೀಗೇಕೆ?

"ಅತ್ತೆ, ಡಬ್ಬಿ ಬೀರು ಮೇಲೇ ಇದೆ ತಾನೇ?"

"ಮ್ಯಾಲೆ ಎಲ್ಲದವ್ವ? ಬೀರು ಒಳಗೆ ಮಡಗಿ ಬೀಗ ಆಕವ್ರೆ. ಅಡೀಲಿ ಪಾಸ್‌ವರ್ಡ್ ಅದಂತಲ್ಲ, ಕಿಟಕೀಲಿ ಯಾರಾದ್ರೂ ನೋಡ್ಕಂಡಾರು ಅಂತವ."

ನಾಗಯ್ಯ ವೈಫೈ ಕೇಳಿದ ವಾರ ನಾನು ಹಬ್ಬಕ್ಕೆ ತವರಿಗೆ ಹೋಗಿದ್ದಾಗ, ಬೀರುವಿನ ಬೆನ್ನಲ್ಲಿ ತುಕ್ಕು ತಿಂದು ಆಗಿದ್ದ ತೂತಿನಿಂದ ವೈರು ತೂರಿಸಿ ಇಟ್ಟಿದ್ದರಂತೆ. ರಿಪೇರಿಯವನು ಬರುತ್ತಾನೆಂದರೆ ತೆಗೆದು ಮೇಲಿಡುತ್ತಿದ್ದರಂತೆ, ಬೀರುವಿನಲ್ಲಿರುವ ಒಡವೆ ಅವನ ಕಣ್ಣಿಗೆ ಬೀಳಬಾರದಲ್ಲ! ಬಂಡೂರಿನ ದಿನ ಸಂಜೆಯವರೆಗೂ ಒಳಗಿಡಲು ಮರೆತಿದ್ದರು.

ಪದ್ಧತಿಯ ಮನೆ ಹಾಳಾಗಲಿ ಎಂದುಕೊಂಡು ನೇರವಾಗಿ ಒಳಗೆ ನುಗ್ಗಿದೆ. "ಮಾವಾ, ಬೀಗ ತೆಗೀರಿ. ಇದು ಗಾಳಿಯಲ್ಲಿ ಬರೋ ಸಿಗ್ನಲ್ಲು, ಕಬ್ಬಿಣದೊಳಗೆ ಕೂಡಿಹಾಕಿದ್ರೆ ಹೆಂಗೆ ಹೊರಗೆ ಬರುತ್ತೆ? ಯಾರೂ ಕದ್ದಿಲ್ಲ. ನೀವೇ ಬಚ್ಚಿಟ್ಟಿದ್ದೀರಿ!" ಮಾವ ಉಡಿದಾರದಿಂದ ಕೀಲಿ ಬಿಚ್ಚಿ ಬಾಗಿಲು ತೆಗೆದರು. ನನ್ನ ಫೋನಿನಲ್ಲಿ ಕಡ್ಡಿಗಳು ತುಂಬಿದವು. ಅದನ್ನು ಅವರಿಗೆ ಹಿಡಿದು ತೋರಿಸಿದೆ. ಅವರು ಮಂಚದ ಮೇಲೆ ಕೂತುಬಿಟ್ಟರು.

ಹಟಮಾರಿಯೇ ಹೊರತು ಸುಳ್ಳುಗಾರರಲ್ಲ. ಸ್ವಲ್ಪ ಹೊತ್ತಿಗೆ ಎದ್ದು, "ನೀನೂ ಬಾರವ್ವ" ಎಂದು ನನ್ನನ್ನು ಕರೆದುಕೊಂಡು ಪಕ್ಕದ ಮನೆಗೆ ಹೊರಟರು. ನಾಗಯ್ಯ ಗೇಟಿನ ಬಳಿ ಗಿಡಕ್ಕೆ ನೀರು ಹಾಕುತ್ತಿದ್ದರು.

"ನಾಗಯ್ಯ, ನಂದೇ ತೆಪ್ಪು ಕಣ್ಲಾ. ಆ ಡಬ್ಬೀನ ಬೀರುಲಿ ಮಡಗಿ ಬೀಗ ಆಕಿದ್ದೆ. ಅದ್ಕೇ ನೆಟ್ ಬತ್ತಿರ್ನಿಲ್ಲ."

"ಆಯ್ತು ಬುಡು" ಅಂದರು ನಾಗಯ್ಯ. ದನಿಯಲ್ಲಿ ಸಿಟ್ಟಿರಲಿಲ್ಲ. ಮಾವನಿಗೆ ಜೀವ ಬಂದಂತಾಯಿತು. "ಪುಸ್ಪಾ, ಇವ್ನ ಪೋನ್ಗೆ ಪಾಸ್‌ವರ್ಡ್ ಆಕ್ಕೊಡವ್ವ. ಮೊಮ್ಮಗೀನ ಎಷ್ಟೊತ್ ಬೇಕಾದ್ರೂ ನೋಡ್ಕಳ್ಳಿ" ಎಂದರು. ನಾನು ಕೈ ಚಾಚಿದೆ.

ನಾಗಯ್ಯ ಫೋನು ಕೊಡಲಿಲ್ಲ. "ಬ್ಯಾಡ ಕಣವ್ವ" ಎಂದು ನನಗೆ ಹೇಳಿ ಮಾವನ ಕಡೆ ತಿರುಗಿದರು. "ಅದು ಮಿಸೀನು ಕಣ್ಲಾ, ಇನ್ನೊಂದಿನ ಮತ್ತೆ ಕೆಟ್ಟೋಯ್ತದೆ. ಅವತ್ತು ನೀನು ಮೊದ್ಲು ಯಾರ್ ಮನೆ ಕಡೆ ನೋಡೀಯೆ, ಏಳು?"

ನಿನ್ನ ಮನೆ ಕಡೆ ನೋಡುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಮಾವನ ಮುಖ ನೋಡಿದೆ, ಹೇಳಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವರು ಕೈಯಲ್ಲಿದ್ದ ಬೀರುವಿನ ಕೀಲಿಯನ್ನು ತಿರುವುತ್ತ ನೆಲ ನೋಡಿದರು. ನಾಗಯ್ಯ ಉಳಿದ ನೀರನ್ನು ಗಿಡಕ್ಕೆ ಸುರಿದು, ಗೇಟಿನ ಚಿಲಕ ಹಾಕಿಕೊಂಡು ಒಳಗೆ ಹೋದರು.