ದೆವ್ವದ ಪಿಕ್ಚರಿಗೆ ಕಮಲಕ್ಕ ಕೊಟ್ಟ ತೀರ್ಪು

ಆಗೆಲ್ಲ ನಮ್ಮ ಅರಕೇರಾದಲ್ಲಿ ಸಿನಿಮಾ ನೋಡಿ ಬಂದವರಿಗೆ ಭಾರಿ ಮರ್ಯಾದೆ. ಕಟ್ಟೆಯ ಮೇಲೆ ಜಾಗ ಬಿಟ್ಟು ಕೂಡಿಸಿ ಕಥೆ ಕೇಳುತ್ತಿದ್ದರು. ಅಂಥ ಒಂದು ಬೇಸಿಗೆ ರಜೆಯಲ್ಲಿ ದೇವದುರ್ಗದ ಟೆಂಟಿಗೆ ದೆವ್ವದ ಪಿಕ್ಚರ್ ಬಂತು. ನನಗೆ ಒಂಬತ್ತು ವರ್ಷ. ಅಕ್ಕ ಕಮಲ ಏಳನೆಯ ಕ್ಲಾಸು ಮುಗಿಸಿದ್ದಳು.

ಅಕ್ಕನ ಮುಂದಿನ ಓದು ದೇವದುರ್ಗದಲ್ಲೇ, ಹುಡುಗಿಯರ ಹಾಸ್ಟೆಲಿನಲ್ಲಿದ್ದುಕೊಂಡು ಆಗಬೇಕಿತ್ತು. ಕೂಲಿಗೆ ಹೋಗುತ್ತಿದ್ದ ಅವ್ವ ಒಂದು ದಿನದ ಕೆಲಸ ಬಿಟ್ಟು ಹೆಸರು ಬರೆಸಿ ಬಂದಿದ್ದಳು. ಆದರೆ ಆ ಹಳೆಯ ಕಟ್ಟಡದ ಮೇಲಿನ ಕೋಣೆಯಲ್ಲಿ ಬಿಳಿ ಸೀರೆಯ ಹೆಂಗಸೊಬ್ಬಳು ಓಡಾಡುತ್ತಾಳೆಂದು ಯಾರೋ ಹೇಳಿದ್ದೇ ತಡ, ಅಕ್ಕ ಹಟ ಹಿಡಿದಳು.

“ನಾ ಹೋಗಂಗಿಲ್ಲ ಯವ್ವಾ. ನಿನ್ನ ಜೋಡಿ ಹೊಲಕ್ಕ ಬರ್ತೀನಿ.”

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅವಳ ಮುಖವನ್ನೇ ನೋಡಿದಳು.

ಆ ವಾರ ಸಂತೆಗೆಂದು ದೇವದುರ್ಗಕ್ಕೆ ಹೋದಾಗ ನಾನು ಪಿಕ್ಚರಿಗಾಗಿ ಸೆರಗು ಜಗ್ಗಿದೆ. ಬೈಗುಳ ಬೀಳುತ್ತದೆಂದುಕೊಂಡಿದ್ದೆ. ಹುಟ್ಟಿದಾಗಿನಿಂದ ಒಂದು ಸಿನಿಮಾನೂ ನೋಡದ ಅವ್ವ, ದೆವ್ವ ಹೆಂಗಿರುತ್ತದೋ ನೋಡಿಯೇ ಬಿಡೋಣ ಎಂದು ಮುಂದೆ ನಡೆದಳು. ಅಕ್ಕ ಅಳುಮೋರೆ ಮಾಡಿಕೊಂಡೇ ಹಿಂದೆ ಬಂದಳು.

ಮಧ್ಯಾಹ್ನದ ಆಟ. ಟೆಂಟಿನ ಒಳಗೆ ಬೀಡಿ ಹೊಗೆ, ಬೆವರು, ಮಿರ್ಚಿ ಬಜ್ಜಿಯ ವಾಸನೆ. ಹೊರದೇಶದ ಹಳೆಯ ಪಿಕ್ಚರಿಗೆ ತೆಲುಗು ಮಾತು ಜೋಡಿಸಿದ್ದರು. ಬೆಟ್ಟದ ಮೇಲೊಂದು ಹಾಳು ಬಂಗಲೆ, ಅದರಲ್ಲಿ ಕಪ್ಪು ನಿಲುವಂಗಿಯ ದೊರೆ. ಮೇಣದಬತ್ತಿ ಹಿಡಿದ ಒಂಟಿ ಹುಡುಗಿ ನಡುಗುತ್ತಾ ಬಾಗಿಲು ತೆರೆದಳು. ಶವದ ಪೆಟ್ಟಿಗೆಯ ಮುಚ್ಚಳ ಮೆಲ್ಲಗೆ ಮೇಲೆದ್ದಿತು. ಟೆಂಟಿಗೆ ಟೆಂಟೇ ಚೀರಿತು. ಪಕ್ಕದಲ್ಲಿದ್ದ ಯಾವುದೋ ಊರಿನ ಹೆಂಗಸು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ದೊರೆ ಹುಡುಗಿಯ ಕುತ್ತಿಗೆಗೆ ಬಾಯಿ ಹಾಕುವಷ್ಟರಲ್ಲಿ ಅವ್ವ ಎದ್ದು ನಿಂತಳು.

“ಏ, ಬಿಡಲೇ ಆ ಹುಡುಗೀನ.”

ಜನ ಹಿಂತಿರುಗಿ ನೋಡಿ ಹೋ ಎಂದು ನಕ್ಕರು. ಆ ನಗೆ ಕೇಳಿ, ಅಲ್ಲಿತನಕ ಬೆರಳ ಸಂದಿಯಿಂದ ನೋಡುತ್ತಿದ್ದ ಅಕ್ಕ ಮುಖದ ಮೇಲಿನ ಕೈ ತೆಗೆದಳು. ಅದೇ ಹೊತ್ತಿಗೆ ಕಿಟಕಿಯಿಂದ ಬಾವಲಿಯೊಂದು ಹಾರಿ ಬಂತು. ಅಕ್ಕ ಮುಂದಕ್ಕೆ ಬಾಗಿದಳು.

“ದಾರ ಕಟ್ಯಾರ. ನೋಡಬೇ, ದಾರ.”

ಆಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ. ಬಾಗಿಲು ಬಡಿದರೆ ಕಲ್ಲಿನ ಗೋಡೆ ಅಲುಗಾಡುತ್ತದೆ. ಬತ್ತಿ ಆರಿದರೂ ಕೋಣೆ ಬೆಳ್ಳಗೇ ಇದೆ. ಸತ್ತವನ ಹೊಟ್ಟೆ ಉಬ್ಬಿ ಇಳಿಯುತ್ತಿದೆ. ಒಂದೊಂದನ್ನೂ ಬೆರಳು ಮಾಡಿ ತೋರಿಸಿದಳು. ಮುಂದಿನ ಸಾಲಿನವರು ಇನ್ನೇನು ಕಂಡಿತೆಂದು ಅವಳನ್ನೇ ಕೇಳತೊಡಗಿದರು. ನನಗಂತೂ ಕುಣಿಯುವಷ್ಟು ಹುರುಪು.

ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ನಾವು ಕಥೆಯೆಲ್ಲ ಹೇಳಿ ಮುಗಿಸಿದಾಗ, ಪಿಕ್ಚರ್ ಹೆಂಗಿತ್ತೆಂದು ಊರಿನವರು ಕೇಳಿದರು. ಅಕ್ಕ ತೀರ್ಪು ಕೊಟ್ಟಳು.

“ದೆವ್ವ ಸುಳ್ಳು. ಆ ಹುಡುಗಿ ಮಾತ್ರ ಖರೇ. ಅಷ್ಟು ಹೆದರಿದ್ರೂ ಬಾಗಲಾ ತಗದು ಒಳಗ ಹೋದ್ಲು.”

ಜೂನ್‌ನಲ್ಲಿ ಅಕ್ಕ ತಾನಾಗಿಯೇ ಟ್ರಂಕು ಹೊತ್ತು ಹಾಸ್ಟೆಲಿಗೆ ಹೊರಟಳು. ಹೋದ ದಿನವೇ ಮೇಲಿನ ಕೋಣೆಗೆ ಹತ್ತಿ ನೋಡಿದಳಂತೆ. ಅಲ್ಲಿದ್ದದ್ದು ಮುರುಕು ಮಂಚಗಳು ಮತ್ತು ಪಾರಿವಾಳದ ಹಿಕ್ಕೆ.

ಈಗ ಅಕ್ಕ ರಾಯಚೂರಿನಲ್ಲಿ ಹೆಡ್‌ಮೇಡಮ್ ಆಗಿ ನಿವೃತ್ತಳಾಗಿದ್ದಾಳೆ. ನಾನು ಮಾನ್ವಿಯಲ್ಲಿ ನರ್ಸ್. ಹೋದ ತಿಂಗಳು ನನ್ನ ಮಗಳು ಅದೇ ಪಿಕ್ಚರನ್ನು ಮೊಬೈಲಿನಲ್ಲಿ ಹುಡುಕಿ ಕೊಟ್ಟಳು. ಮೊಬೈಲ್ ಹಿಡಿದು ಬಸ್ಸು ಹತ್ತಿ ಅಕ್ಕನ ಮನೆಗೆ ಓಡಿದೆ. ಇಬ್ಬರೂ ಮತ್ತೆ ತೀರ್ಪುಗಾರರಾದೆವು. ಆ ದೊಡ್ಡ ಬಂಗಲೆಯಲ್ಲಿ ಇದ್ದದ್ದು ಎರಡೇ ಕೋಣೆ. ಅವನ್ನೇ ಕಿಟಕಿಯ ಪರದೆ ಬದಲಿಸಿ ಬದಲಿಸಿ ತೋರಿಸಿದ್ದರು. ಇಷ್ಟು ಕಡಿಮೆ ಸಾಮಾನಿನಲ್ಲಿ ಅಷ್ಟು ಜನರನ್ನು ಹೆದರಿಸಿದ್ದಾರಲ್ಲ ಎಂದು ಅಕ್ಕ ಈ ಸಲ ಧಾರಾಳವಾಗಿ ನೂರಕ್ಕೆ ಅರವತ್ತು ಕೊಟ್ಟಳು.

ಅವ್ವ ಈಗಿಲ್ಲ, ಟೆಂಟೂ ಇಲ್ಲ. ಕಿಟಕಿ ಮುಚ್ಚಿ, ಪರದೆ ಎಳೆದು, ಇನ್ನೊಮ್ಮೆ ಮೊದಲಿನಿಂದ ಹಾಕಿ ನೋಡಿದೆವು. ಹೆದರಿಕೆ ಬರಲೇ ಇಲ್ಲ. ಅದಕ್ಕೆ ಟೆಂಟಿನ ಆ ಇನ್ನೂರು ಜನ ಬೇಕಿತ್ತು.