ಸಾಹುಕಾರರ ಗೋಡೆಯ ಮೇಲಿನ ಮೆರವಣಿಗೆ

ನಾನು ಚಿಕ್ಕವನಿದ್ದಾಗ ನಮ್ಮ ಶಹಾಬಾದಿಗೆ ಒಮ್ಮೆ, ಆಗ ರಾಜ್ಯಪಾಲರಾಗಿದ್ದ ಮಹಾರಾಜರು ಬಂದಿದ್ದರು. ರೈಲಿನಿಂದಿಳಿದು ಪೇಟೆಯ ಬೀದಿಯಲ್ಲಿ ನಡೆದರು. ಹಸಿರು ಸೀರೆ ಉಟ್ಟು ಅವರಿಗೆ ಆರತಿ ಎತ್ತಿದವಳು ನನ್ನ ಅಕ್ಕ. ತುಂಬಿದ ಕೊಡ ಹೊತ್ತು ರೂಢಿಯಿದ್ದವಳು, ಕೈ ನಡುಗುವುದಿಲ್ಲ ಎಂದು ಶಾಲೆಯ ಅಕ್ಕೋರು ಅವಳನ್ನೇ ಆರಿಸಿದ್ದರು.

ಆ ಮೆರವಣಿಗೆಯ ಚಿತ್ರವನ್ನು ಊರಿನ ಸಾಹುಕಾರರೊಬ್ಬರು ತಮ್ಮ ಪಡಸಾಲೆಯ ಗೋಡೆಯ ಮೇಲೆ ಬರೆಸಿದರು. ಅದೇ ಪಡಸಾಲೆಗೆ ಅಪ್ಪ ಫರಸಿ ಕಲ್ಲು ಹಾಸುತ್ತಿದ್ದ. ಚಿತ್ರಗಾರ ಅಕ್ಕನನ್ನು ಕರೆಸಿ, ಎದುರಿಗೆ ನಿಲ್ಲಿಸಿಕೊಂಡು ಬರೆದ. “ನಿನ್ನ ಮಾರಿ ಹಂಗೇ ಇಳಿಸ್ಯಾನ ನೋಡವ್ವ,” ಎಂದು ಅಪ್ಪ ಮನೆಗೆ ಬಂದು ಹೇಳಿದ. ಒಂದು ಫೋಟೊ ಸಹ ಇಲ್ಲದ ಮನೆ ನಮ್ಮದು.

ಚಿತ್ರ ಮುಗಿದ ದಿನ ಅಕ್ಕ ಜಡೆಗೆ ಅಬ್ಬಲಿಗೆ ಹೂ ಮುಡಿದು ನಮ್ಮ ಜೊತೆ ಬಂದಳು. ಪಡಸಾಲೆಯ ತುಂಬ ಬಣ್ಣದ ಎಣ್ಣೆಯ ವಾಸನೆ, ಕಾಲಡಿ ಕಲ್ಲಿನ ಪುಡಿ. ಗೋಡೆಯ ಮೇಲೆ ತೋರಣ, ಬಾಜಾದವರು, ಮಹಾರಾಜರ ಜರಿಪೇಟ ಎಲ್ಲವೂ ಇದ್ದವು. ಅಕ್ಕನ ಹಸಿರು ಸೀರೆಯೂ ಇತ್ತು. ಆ ಸೀರೆ ಉಟ್ಟವಳ ಮುಖ ಮಾತ್ರ ಸಾಹುಕಾರರ ಮಗಳದಾಗಿತ್ತು.

“ಹಿಂಗ್ಯಾಕ್ರಿ ಸಾವ್ಕಾರ್ರ?” ಅಪ್ಪ ಕೇಳಿದ.

“ಗ್ವಾಡಿ ನಂದದ. ಕಲ್ಲು ಒಡಿಯೋರ ಹುಡುಗಿ ಇಲ್ಲ್ಯಾಕ ನಿಂದರಬೇಕು?”

ಚಿತ್ರಗಾರ ಕುಂಚ ತೊಳೆಯುತ್ತ, “ಹೇಳಿದಂಗ ಬರೀಬೇಕಣ್ಣ,” ಎಂದ.

“ಸೀರಿ ನಂದೇ ಅದ ಅಪ್ಪಾ, ನಡಿ,” ಎಂದಳು ಅಕ್ಕ.

“ಹಂಗಾದ್ರ ಉಳಿದ ಫರಸೀನೂ ನಿಮ್ಮ ಮಗಳೇ ಹಾಸ್ಲಿ ಬಿಡ್ರಿ,” ಎಂದು ಅಪ್ಪ ಉಳಿ, ಸುತ್ತಿಗೆ ಚೀಲಕ್ಕೆ ಹಾಕಿಕೊಂಡ. ಅರ್ಧ ಪಡಸಾಲೆ ಮಣ್ಣಾಗಿಯೇ ಉಳಿಯಿತು. ಮನೆಗೆ ಬಂದ ಅಕ್ಕ ಜಡೆಯ ಹೂ ಬಿಚ್ಚಿ ಆಡಿನ ಮುಂದೆ ಹಾಕಿದಳು.

ಆಮೇಲೆ ದೊಡ್ಡ ಮನೆಗಳವರು ಯಾರೂ ಅಪ್ಪನನ್ನು ಕೆಲಸಕ್ಕೆ ಕರೆಯಲಿಲ್ಲ. ನಾನು ಶಾಲೆ ಬಿಟ್ಟು ಅವನ ಜೊತೆ ಕಲ್ಲಿನ ಗಣಿಗಿಳಿದೆ. ಅದಕ್ಕೆ ನನಗೆ ನಾಚಿಕೆಯಿಲ್ಲ; ನಾನು ಸೀಳಿದ ಕಲ್ಲಿನ ಮೇಲೆ ಇವತ್ತಿಗೂ ಜನ ನಡೆಯುತ್ತಾರೆ. ಅಕ್ಕ ಚಿಂಚೋಳಿ ಕಡೆಗೆ ಮದುವೆಯಾಗಿ ಹೋದವಳು ಮೊದಲ ಹೆರಿಗೆಯಲ್ಲೇ ತೀರಿಕೊಂಡಳು.

ಮೊಮ್ಮಕ್ಕಳೇ, ನೀವು ರೊಟ್ಟಿ ತಿನ್ನುವಾಗಲೂ ಫೋನು ಎತ್ತಿ ನಿಮ್ಮ ಮುಖದ ಫೋಟೊ ತೆಗೆದುಕೊಳ್ಳುತ್ತೀರಿ, ಚೆನ್ನಾಗಿ ಬರಲಿಲ್ಲವೆಂದು ನೀವೇ ಅಳಿಸುತ್ತೀರಿ. ಮೊನ್ನೆ, “ಮುತ್ಯಾ, ನಿಮ್ಮಕ್ಕ ಹ್ಯಾಂಗಿದ್ದಳು?” ಎಂದು ಕೇಳಿದಿರಿ. ಅವಳ ಮುಖ ನೆನೆದುಕೊಳ್ಳಲು ಹೋದೆ. ಈಗ ಕಣ್ಣು ಮುಚ್ಚಿದರೆ ನನಗೂ ಆ ಹಸಿರು ಸೀರೆಯಲ್ಲಿ ಸಾಹುಕಾರರ ಮಗಳೇ ಕಾಣುತ್ತಾಳೆ.