ಗದಿಗೆವ್ವ ಕೇಳಿದ ವನ್ಸ್ ಮೋರ್

ಆಗೆಲ್ಲ ಸಿನಿಮಾ ಅಂದರೆ ಮುಂದೆ ಕುಳಿತವರ ಬೆನ್ನು, ಬೆನ್ನುಗಳ ಸಂದಿಯಲ್ಲಿ ಕಾಣುವ ಒಂದಿಷ್ಟು ಬೆಳಕು. ಹತ್ತಿಮತ್ತೂರಿನಲ್ಲಿ ಟಿ.ವಿ. ಇದ್ದ ಮನೆಗಳು ಇರಲಿಲ್ಲವೆಂದಲ್ಲ. ಆದರೆ ಗಣಪತಿ ಹಬ್ಬದ ಸಂಜೆಗಳಲ್ಲಿ ಯಾರಿಗೂ ತಮ್ಮ ಮನೆಯ ಟಿ.ವಿ. ರುಚಿಸುತ್ತಿರಲಿಲ್ಲ. ಪೆಂಡಾಲಿನೊಳಗೆ, ಗಣಪತಿಗೆ ಸ್ವಲ್ಪ ಓರೆಯಾಗಿ, ಮೇಜಿನ ಮೇಲೆ ಮೇಜು ಹೇರಿ ಇಟ್ಟ ಬಾಡಿಗೆ ಟಿ.ವಿ.ಯೇ ಆಗಬೇಕು. ಹಸಿ ನೆಲಕ್ಕೆ ಹಾಸಿದ ತಾಡಪತ್ರಿಯ ವಾಸನೆ, ಊದುಬತ್ತಿಯ ಹೊಗೆ, ಪೇಪರಿಗೆ ಎಣ್ಣೆ ಇಳಿದ ಮಿರ್ಚಿಯ ಪರಿಮಳ. ನಾವು ಮಕ್ಕಳು ಉಡಿಯಲ್ಲಿ ಚುರುಮುರಿ ಕಟ್ಟಿಕೊಂಡು ಮುಂದೆ ಒಬ್ಬರ ಬೆನ್ನ ಹಿಂದೊಬ್ಬರು, ಹೆಂಗಸರು ಎಡಕ್ಕೆ, ಗಂಡಸರು ಹಿಂದೆ.

ಆ ಟಿ.ವಿ., ಸಿ.ಡಿ. ಪ್ಲೇಯರು, ಮೈಕು, ಸರದ ಬಲ್ಬು ಎಲ್ಲ ನಮ್ಮಪ್ಪನವು. ಮೈಕ್ ಫಕ್ಕೀರಪ್ಪ ಎಂದರೆ ಸವಣೂರಿನವರೆಗೂ ಗೊತ್ತು. ಮದುವೆಗೂ ಅವನೇ, ಎಲೆಕ್ಷನ್ನಿಗೂ ಅವನೇ, ಎದುರಾಳಿ ಪಾರ್ಟಿಗೂ ಅವನೇ. ಹರೆಯದಲ್ಲಿ ಒಂದು ನಾಟಕ ಕಂಪನಿಯಲ್ಲಿ ಮೈಕು ನೋಡಿಕೊಂಡಿದ್ದವನು. ಕಂಪನಿ ನಾಟಕ ನೋಡಿದವರಿಗೆ ಗೊತ್ತಿರುತ್ತದೆ, ಜನಕ್ಕೆ ಒಂದು ಸೀನು ಹಿಡಿಸಿತೆಂದರೆ ‘ವನ್ಸ್ ಮೋರ್’ ಎಂದು ಕೂಗುತ್ತಾರೆ. ಆಗ ಸತ್ತ ಪಾತ್ರದವನೂ ಎದ್ದು, ಮತ್ತೊಮ್ಮೆ ಹಾಡಿ, ಮತ್ತೊಮ್ಮೆ ಸಾಯಬೇಕು. ಆ ಚಟವನ್ನು ಅಪ್ಪ ಸಿನಿಮಾಕ್ಕೂ ಹಚ್ಚಿದ್ದ. ಕೈಯಲ್ಲಿ ರಿಮೋಟ್ ಇತ್ತಲ್ಲ.

ಆ ವರ್ಷ ಗದಿಗೆವ್ವ ದೊಡ್ಡವ್ವನನ್ನು ಪೆಂಡಾಲಿಗೆ ಕರೆತಂದವನೂ ಅಪ್ಪನೇ. ಅವಳದು ನಮ್ಮ ಪಕ್ಕದ ಮನೆ. ಒಬ್ಬನೇ ಮಗ ಮಂಜು ಮಿಲಿಟರಿಯಲ್ಲಿದ್ದ. ಹಿಂದಿನ ವರ್ಷ ಗಡಿಯಿಂದ ಪೆಟ್ಟಿಗೆಯಲ್ಲಿ ಬಂದ. ದೂರದಿಂದ ಒಂದು ಗುಂಡು ಬಂತು ಎಂದಷ್ಟೇ ಅವಳಿಗೆ ಹೇಳಿದ್ದರು. ಅಂದು ಊರಿಗೆ ಊರೇ ನೆರೆದಿತ್ತು. ‘ನಮ್ಮ ಮಂಜು ಅಮರ’ ಎಂದು ಗಂಟಲು ಹರಿಯುವಂತೆ ಮೈಕಿನಲ್ಲಿ ಕೂಗಿದವನು ನಮ್ಮಪ್ಪ. ಆಮೇಲೆ ಅವಳು ನಾಲ್ಕು ಜನರ ನಡುವೆ ಬಂದದ್ದೇ ಇಲ್ಲ.

“ಏಳ ಯಕ್ಕಾ, ಒಬ್ಬಾಕಿ ಕುಂತು ಗ್ವಾಡಿ ನೋಡಿ ಏನ್ ಮಾಡ್ತಿ? ಮಂದ್ಯಾಗ ಬಾ” ಎಂದ ಅಪ್ಪ.

“ಯಾವ ಪಿಚ್ಚರ್ ಐತೋ ಫಕ್ಕೀರಾ?”

“ದೇವರ ಪಿಚ್ಚರ್ ಐತಿ, ಬಾ.”

ಅಪ್ಪ ಸುಳ್ಳು ಹೇಳಿರಲಿಲ್ಲ. ಸವಣೂರಿನ ಅಂಗಡಿಯಿಂದ ತಂದ ಸಿ.ಡಿ.ಯ ಕವರಿನ ಮೇಲೆ ದೇವರೇ ಇದ್ದ. ಹಾಕಿದರೆ ಹಿಮದ ಗುಡ್ಡ, ಬಂದೂಕು, ತಿಳಿಯದ ಭಾಷೆ. ಗುಡ್ಡದ ಈಚೆ ಒಬ್ಬ, ಆಚೆ ಒಬ್ಬ, ಇಬ್ಬರೂ ಗುರಿಕಾರರು. ಒಬ್ಬರನ್ನೊಬ್ಬರು ಹೊಡೆಯಲು ಹೊಂಚು ಹಾಕಿ ಮಲಗಿದ್ದಾರೆ. ಹಾಡಿಲ್ಲ, ಕುಣಿತವಿಲ್ಲ, ಮಾತೂ ಇಲ್ಲ. ಬೇರೆ ಸಿ.ಡಿ. ಹಾಕೋಣವೆಂದರೆ ಉಳಿದದ್ದನ್ನೆಲ್ಲ ಜನ ನೋಡಿ ಮುಗಿಸಿದ್ದರು.

“ಅಲ್ಲೋ ಫಕ್ಕೀರಪ್ಪಾ, ಇಂವ ಮಕ್ಕೊಂಡಾಂವ ಎದ್ದ ಏಳವಲ್ಲ. ಗ್ವಾಂಜಾಳದ ಹೊಲದಾಗ ಹಂದಿ ಕಾಯಾವ್ರೂ ನಡುವ ಒಂದು ಬೀಡಿ ಸೇದ್ತಾರಲೇ” ಎಂದ ಹಿಂದಿನಿಂದ ಈರಪ್ಪಜ್ಜ.

“ಇವಕ್ಕ ಬುತ್ತಿ ಯಾರ್ ತರ್ತಾರ್ರೀ?” ಎಂದಳು ನಮ್ಮವ್ವ. ಹೆಂಗಸರು ನಕ್ಕರು.

ಜನ ಏಳುವ ಲಕ್ಷಣ ಕಂಡು ಅಪ್ಪ ಮೈಕು ಕೈಗೆತ್ತಿಕೊಂಡ. “ಕೇಳ್ರಿ ಎಲ್ಲಾರೂ. ಮೊದಲ ತೋರಿಸಿದ್ನಲ್ಲ, ಅಂವ ನಮ್ಮಂವ. ಗುಡ್ಡದ ಆಚೀಕಡೆ ಇದ್ದಂವ ಅವರಂವ.”

ಅಷ್ಟು ಸಾಕಾಯಿತು. ನಮ್ಮ ಸಿನಿಮಾಗಳಲ್ಲಿ ಮೊದಲು ಕಂಡವನೇ ಹೀರೋ ಅಲ್ಲವೇ? ಯಾವ ದೇಶ, ಯಾವ ಯುದ್ಧ, ಯಾರ ನೆಲದೊಳಗೆ ಯಾರು ನುಗ್ಗಿದ್ದಾರೆ ಎಂದು ಯಾರೂ ಕೇಳಲಿಲ್ಲ. ಒಂದು ಗಳಿಗೆಯ ಹಿಂದೆ ಆಕಳಿಸುತ್ತಿದ್ದ ಮಂದಿ ಮೊಣಕಾಲ ಮೇಲೆ ಎದ್ದು ಕುಳಿತರು. “ತಲಿ ತಗ್ಗಸೋ ನಮ್ಮಂವಾ” ಎಂದು ಈರಪ್ಪಜ್ಜನೇ ಕೂಗತೊಡಗಿದ. ನಮ್ಮಂವ ಉಸಿರು ಬಿಗಿಹಿಡಿದರೆ ಪೆಂಡಾಲೂ ಉಸಿರು ಬಿಗಿಹಿಡಿಯಿತು.

ಕೊನೆಗೆ ಅವರಂವ ಬಾಯಾರಿದ. ಒಂದು ತಗಡಿನ ಬಟ್ಟಲಲ್ಲಿ ಹಿಮ ಕರಗಿಸಿ, ಕುಡಿಯಲೆಂದು ತುಸು ತಲೆ ಎತ್ತಿದ. ಗುಂಡು ಹಣೆಗೆ ಬಿತ್ತು. ಬಟ್ಟಲು ಉರುಳಿತು, ಅವನೂ ಉರುಳಿದ.

ಸಿಳ್ಳೆಗೆ ಪೆಂಡಾಲೇ ಹಾರುವುದೊಂದು ಬಾಕಿ. “ವನ್ಸ್ ಮೋರ್.” ಅಪ್ಪ ರಿಮೋಟ್ ಒತ್ತಿದ. ಚಿತ್ರ ಹಿಂದಕ್ಕೆ ಓಡಿತು. ಸತ್ತವನು ತಡೆತಡೆದು ಎದ್ದ, ನೆತ್ತರು ಹಣೆಯೊಳಕ್ಕೆ ಹೋಯಿತು, ಬಟ್ಟಲು ತಾನಾಗಿ ಕೈಗೆ ಬಂತು. ಮತ್ತೆ ಗುಂಡು, ಮತ್ತೆ ಬಿದ್ದ. ಇನ್ನೊಮ್ಮೆ, ಮತ್ತೊಮ್ಮೆ. ಬೀಳುವುದಕ್ಕಿಂತ ಅವನು ಏಳುವ ಪರಿಗೇ ಹೆಚ್ಚು ನಗು. ಹೊಟ್ಟೆ ಹಿಡಿದು ನಕ್ಕೆವು, ಎಲ್ಲರೂ.

ನಕ್ಕು ಸುಸ್ತಾದ ಮೇಲೆ ಅಪ್ಪ ಸಿನಿಮಾ ಮುಂದಕ್ಕೆ ಬಿಡುವುದರಲ್ಲಿದ್ದ. ಹೆಂಗಸರ ಕಡೆಯಿಂದ ಒಂದು ದನಿ ಬಂತು.

“ವನ್ಸ್ ಮೋರ್ ಹಾಕೋ ಫಕ್ಕೀರಾ.”

ಗದಿಗೆವ್ವ. ಒಂದು ವರ್ಷದಿಂದ ನಾಲ್ಕು ಜನರೆದುರು ಬಾಯಿ ಬಿಡದವಳು. ಅಪ್ಪನ ಮುಖ ಅರಳಿತು. ತಾನು ಅವಳನ್ನು ಕರೆತಂದದ್ದು ಸಾರ್ಥಕವಾಯಿತು ಎಂದುಕೊಂಡಿರಬೇಕು. “ನಮ್ಮ ಯಕ್ಕನ ಆರ್ಡರ್ ಆತ್ರೆಪಾ” ಎಂದು ಮೈಕಿನಲ್ಲೇ ಹೇಳಿದ. ಜನ ಚಪ್ಪಾಳೆ ತಟ್ಟಿದರು.

ಅವಳು ಎದ್ದು ನಿಂತಳು. “ಬೀಳೋದು ಬ್ಯಾಡೋ ತಮ್ಮಾ. ಅಂವ ಏಳ್ತಾನಲ್ಲ, ಅದಷ್ಟ ಹಾಕು.”

ಚಪ್ಪಾಳೆ ನಿಂತಿತು. ಮಿರ್ಚಿ ಅಗಿಯುತ್ತಿದ್ದವರ ದವಡೆಯೂ ನಿಂತಿತು. ಆಗ ಎಲ್ಲರಿಗೂ ಮಂಜು ನೆನಪಾದ. ವರ್ಷದ ಹಿಂದೆ ಅವನ ಪೆಟ್ಟಿಗೆಗೆ ಹೆಗಲು ಕೊಟ್ಟವರೇ ಅಲ್ಲಿ ಕುಳಿತಿದ್ದರು. ಪರದೆಯ ಮೇಲೆ ಅವರಂವ ಇನ್ನೂ ಬಿದ್ದೇ ಇದ್ದ.

ಅಪ್ಪನ ಹೆಬ್ಬೆರಳು ರಿಮೋಟಿನ ಮೇಲಿತ್ತು. ಒತ್ತಿದ್ದರೆ ಆಗುತ್ತಿತ್ತು, ಅಷ್ಟೇ ಕೆಲಸ. ಒತ್ತಲಿಲ್ಲ. ಮೇಜಿನ ಹಿಂದೆ ಬಗ್ಗಿದ. ಟಿ.ವಿ. ಕಪ್ಪಾಯಿತು.

“ಕರೆಂಟ್ ಹೋತ್ರಿ” ಎಂದ. ಅದನ್ನೂ ಮೈಕಿನಲ್ಲೇ ಹೇಳಿದ.

ಗಣಪತಿಯ ಸುತ್ತ ಸರದ ಬಲ್ಬುಗಳು ಉರಿಯುತ್ತಿದ್ದವು. ಗದಿಗೆವ್ವ ಅವನ್ನೊಮ್ಮೆ ನೋಡಿದಳು, ಸೆರಗು ಸರಿಮಾಡಿಕೊಂಡು ಹೊರಟುಹೋದಳು. ಕರೆಂಟ್ ಇದೆಯಲ್ಲೋ ಎಂದು ಯಾರೊಬ್ಬರೂ ಅನ್ನಲಿಲ್ಲ. ತಮ್ಮ ತಮ್ಮ ಚಾಪೆ ಸುತ್ತಿಕೊಂಡು, ಒಬ್ಬರ ಮುಖ ಒಬ್ಬರು ನೋಡದೆ ಮನೆಗೆ ನಡೆದರು.

“ಅಪ್ಪಾ, ಕರೆಂಟ್ ಇತ್ತಲ್ಲ?” ಎಂದು ಊಟಕ್ಕೆ ಕುಳಿತಾಗ ನಾನು ಕೇಳಿದೆ.

“ಸುಮ್ನ ಉಣ್ಣು” ಎಂದಳು ಅವ್ವ. ಅಪ್ಪನ ತಾಟಿನಲ್ಲಿ ರೊಟ್ಟಿ ಮುರಿಯದೆ ಹಾಗೇ ಇತ್ತು. ಅಪ್ಪನ ಬಗ್ಗೆ ನನಗೆ ನಾಚಿಕೆಯಾದದ್ದು ಅದೇ ಮೊದಲು. ಬರಬರುತ್ತ ಅದು ಅಪ್ಪನೊಬ್ಬನ ಮೇಲಿನ ನಾಚಿಕೆಯಾಗಿ ಉಳಿಯಲಿಲ್ಲ. ಇಂದಿಗೂ ಆ ಪೆಂಡಾಲು ನೆನಪಾದರೆ ನಮ್ಮ ಇಡೀ ಊರಿನ ಪರವಾಗಿ ತಲೆ ತಗ್ಗುತ್ತದೆ.

ಗಣಪತಿ ಕಳಿಸಿದ ಮೇಲೆ ಒಂದು ಮಧ್ಯಾಹ್ನ ಅಪ್ಪ ಟಿ.ವಿ.ಯನ್ನು ಹೊತ್ತು ಗದಿಗೆವ್ವನ ಮನೆಗೆ ಹೋದ. ಪ್ಲೇಯರು, ವಾಯರು ಹಿಡಿದು ನಾನು ಹಿಂದೆ. ಅವಳು ಪಡಸಾಲೆಯಲ್ಲಿ ಮೊರ ಹಿಡಿದು ಹೆಸರುಕಾಳು ಹಸನು ಮಾಡುತ್ತಿದ್ದಳು. ನನಗೆ ಒಂದು ತುಂಡು ಬೆಲ್ಲ ಕೊಟ್ಟಳು.

“ಯಕ್ಕಾ, ಬೀಳೋದು ತೋರ್ಸೂದಿಲ್ಲ. ಏಳೋದಷ್ಟ. ಎಷ್ಟ ಸಲ ಅಂತಿ ಅಷ್ಟ ಸಲ ಹಾಕ್ತೇನಿ” ಎಂದ ಅಪ್ಪ. ಟಿ.ವಿ. ಇನ್ನೂ ಅವನ ಹೆಗಲ ಮೇಲೇ ಇತ್ತು.

ಅವಳು ಮೊರ ನಿಲ್ಲಿಸಲಿಲ್ಲ. “ಈಗ ಬ್ಯಾಡ ತಮ್ಮಾ. ಬಿದ್ದದ್ದು ನೋಡಿ ಎಲ್ಲಾರೂ ಕೂಡಿ ನಕ್ರಿ. ಎದ್ದದ್ದನ್ನೂ ಎಲ್ಲಾರೂ ಕೂಡಿ ನೋಡಬೇಕಿತ್ತು. ಒಬ್ಬಾಕಿ ನೋಡಾಕ ಟಿ.ವಿ. ಯಾಕ? ಒಬ್ಬಾಕಿ ದಿನಾ ನೋಡ್ತೇನಿ.”

ಆಮೇಲೆ ಪೆಂಡಾಲಿನಲ್ಲಿ ಯಾರಾದರೂ ವನ್ಸ್ ಮೋರ್ ಎಂದರೆ ಅಪ್ಪ ರಿಮೋಟನ್ನು ಜೇಬಿಗೆ ಹಾಕಿಕೊಂಡುಬಿಡುತ್ತಿದ್ದ. ಗದಿಗೆವ್ವ ಹಿಂದಿನಂತೆಯೇ ಮಜ್ಜಿಗೆಗೆ ನಮ್ಮ ಮನೆಗೆ ಬರುತ್ತಿದ್ದಳು. ಅಪ್ಪನನ್ನು ತಮ್ಮಾ ಎನ್ನುವುದನ್ನೂ ಬಿಡಲಿಲ್ಲ. ಅದೇ ಅಪ್ಪನಿಗೆ ತಡೆಯಲಾಗುತ್ತಿರಲಿಲ್ಲ, ಅವಳ ದನಿ ಕೇಳಿದರೆ ಹಿತ್ತಲಿಗೆ ಹೋಗುತ್ತಿದ್ದ. ಈಗ ಇಬ್ಬರೂ ಇಲ್ಲ.

ಮೊನ್ನೆ ಹಾನಗಲ್ ಬಸ್‌ಸ್ಟ್ಯಾಂಡಿನಲ್ಲಿ ಹಾವೇರಿ ಬಸ್ಸಿಗೆ ಕಾದಿದ್ದೆ. ಪಕ್ಕದಲ್ಲಿ ಕುಳಿತವನು ಕಿವಿಗೆ ವಾಯರು ಸಿಕ್ಕಿಸಿಕೊಂಡು ಫೋನಿನಲ್ಲಿ ಯಾವುದೋ ಯುದ್ಧದ ಸಿನಿಮಾ ನೋಡುತ್ತಿದ್ದ. ಒಬ್ಬ ಬಿದ್ದ. ಇವನು ಬೆರಳಿನಿಂದ ಹಿಂದಕ್ಕೆ ಎಳೆದ, ಅವನು ಎದ್ದ. ಬಿಟ್ಟ, ಬಿದ್ದ. ಯಾರೂ ಸಿಳ್ಳೆ ಹಾಕಲಿಲ್ಲ, ಯಾರೂ ನಗಲಿಲ್ಲ, ಯಾರಿಗೂ ನಾಚಿಕೆಯೂ ಆಗಲಿಲ್ಲ.

ಗದಿಗೆವ್ವ ಕೇಳಿದ ಸೀನು ಹಾಕಲು ಈಗ ಅಪ್ಪನ ಟಿ.ವಿ. ಬೇಡ, ರಿಮೋಟೂ ಬೇಡ, ಕರೆಂಟ್ ಹೋಯಿತೆನ್ನುವ ನೆವವೂ ಇಲ್ಲ. ಆದರೆ ಅವಳು ಹೇಳಿದ ಆ ‘ಎಲ್ಲಾರೂ’ ಈಗ ಹತ್ತಿಮತ್ತೂರಿನಲ್ಲೂ ಒಂದು ಕಡೆ ಕೂರುವುದಿಲ್ಲ.